ದೊಡ್ಡಮ್ಮ ಒಪ್ಪುವ ಮನೆ

ನನ್ನ ದೊಡ್ಡಪ್ಪ ಬದುಕಿಡೀ ಕುರ್ಚಿಗಳಿಗೆ ಬೆತ್ತ ಹೆಣೆದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಯಾರ ಮನೆಯ ಕುರ್ಚಿ ಜೋತುಬಿದ್ದರೂ ಅದು ಇಸ್ತ್ರಿ ಅಂಗಡಿಯ ಮೇಲಿನ ಅವನ ಎರಡು ಕೋಣೆಯ ಮನೆಗೇ ಬರಬೇಕು. ಈ ಕೆಲಸದಲ್ಲಿ ಮೇಲಿಂದ ಒಬ್ಬರು ಬೆತ್ತದ ಎಳೆಯನ್ನು ಚೌಕಟ್ಟಿನ ತೂತಿಗೆ ಇಳಿಸಬೇಕು, ಕೆಳಗಿಂದ ಇನ್ನೊಬ್ಬರು ಅದನ್ನು ಬಿಗಿಯಾಗಿ ಜಗ್ಗಿ ಪಕ್ಕದ ತೂತಿನಲ್ಲಿ ವಾಪಸು ಕಳಿಸಬೇಕು. ಒಬ್ಬರೇ ಮಾಡುವವರೂ ಇದ್ದಾರೆ, ಆದರೆ ಆ ಮನೆಯಲ್ಲಿ ಮೇಲೆ ದೊಡ್ಡಪ್ಪ, ಕೆಳಗೆ ದೊಡ್ಡಮ್ಮ. ಮಕ್ಕಳಿಲ್ಲದ ಆ ಸಂಸಾರದ ಮಾತು, ನಗು, ಜಗಳ ಎಲ್ಲವೂ ಕುರ್ಚಿಯ ತೂತುಗಳ ಮೂಲಕವೇ ನಡೆಯಿತು. ಸಿಟ್ಟು ಬಂದರೆ ದೊಡ್ಡಮ್ಮ ಎಳೆಯನ್ನು ಕೆಳಗೇ ಗಟ್ಟಿಯಾಗಿ ಹಿಡಿದು ಕೂತುಬಿಡುತ್ತಿದ್ದಳು. ಮೇಲಿನವನು ಎಷ್ಟು ಎಳೆದರೂ ಬರುತ್ತಿರಲಿಲ್ಲ. "ಆಯ್ತು ಮಾರಾಯ್ತಿ, ನಂದೇ ತಪ್ಪು, ಬಿಡು" ಅಂದ ಮೇಲೆ ಕೆಲಸ ಮುಂದುವರಿಯುತ್ತಿತ್ತು.

ಅವರು ತಮಗಾಗಿ ಹೆಣೆದುಕೊಂಡದ್ದು ಒಂದೇ ಕುರ್ಚಿ, ದೊಡ್ಡಮ್ಮನದು. ತಗ್ಗು ಕಾಲಿನ, ಕೈಯಿಲ್ಲದ ಕುರ್ಚಿ. ಕಿಟಕಿಯ ಪಕ್ಕ ಅದರಲ್ಲಿ ಕೂತು ಅವಳು ಸಂಜೆ ಬೀದಿ ನೋಡುತ್ತಿದ್ದಳು. ಅವಳು ಎದ್ದು ಒಲೆಯ ಹತ್ತಿರ ಹೋದ ಎಷ್ಟೋ ಹೊತ್ತಿನ ಮೇಲೆ ಬೆತ್ತ ತನ್ನ ಪಾಡಿಗೆ ತಾನು ಕಿರ್ರೆಂದು ಮೈಮುರಿಯುತ್ತಿತ್ತು. "ನೋಡು, ನಿನ್ನ ದೊಡ್ಡಮ್ಮ ಈಗ ಎದ್ದಳು" ಎಂದು ದೊಡ್ಡಪ್ಪ ಚೇಷ್ಟೆ ಮಾಡುತ್ತಿದ್ದ.

ಅವಳು ಸತ್ತ ಮೇಲೂ ಕುರ್ಚಿ ಸದ್ದು ಮಾಡಿತು.

ಇದರಲ್ಲಿ ಭೂತ ಬೇತಾಳ ಏನೂ ಇಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ದೊಡ್ಡಪ್ಪನೇ. ಹಿಂದೊಮ್ಮೆ ವಕೀಲರ ಹೆಂಡತಿಯೊಬ್ಬಳು ಕುರ್ಚಿಯಲ್ಲಿ ಅತ್ತೆಯ ಪ್ರೇತ ಕೂತಿದೆ ಎಂದು ಹೆದರಿ ಅದನ್ನು ವಾಪಸು ತಂದಾಗ ಇವನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ. "ಅಮ್ಮಾ, ಬೆತ್ತ ನೆಂದ್ರೆ ಸಡಿಲ ಆಗುತ್ತೆ, ಒಣಗಿದ್ರೆ ಬಿಗಿಯುತ್ತೆ, ಬಿಗಿಯುವಾಗ ಕೂಗುತ್ತೆ. ನಿಮ್ಮತ್ತೆಗೆ ಬೇರೆ ಕೆಲಸ ಇಲ್ವಾ?" ಎಂದಿದ್ದ. ಈಗ ಅವನೇ ದಿನಾ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಆ ಕುರ್ಚಿಯ ಅಡಿ ಒರೆಸುತ್ತಿದ್ದ, ಮುಸ್ಸಂಜೆಗೆ ಅದು ಕಿರ್ರೆಂದಾಗ ತಲೆಯೆತ್ತದೆ "ಎದ್ದಳು" ಅನ್ನುತ್ತಿದ್ದ. ಹೇಳುವುದು ಒಂದು, ಮಾಡುವುದು ಇನ್ನೊಂದು. ನನಗೆ ಕೋಪವೂ ಬರುತ್ತಿತ್ತು, ಕರುಳೂ ಚುರ್ರೆನ್ನುತ್ತಿತ್ತು.

ನಾನು ಅವನ ತಮ್ಮನ ಮಗಳು. ಊರಿನ ಇನ್ನೊಂದು ತುದಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ, ಅದರ ಹಿಂದೆಯೇ ಬಾಡಿಗೆ ಕೋಣೆ. ದೊಡ್ಡಪ್ಪ ಆ ಕಡಿದಾದ ಮೆಟ್ಟಿಲಿನಲ್ಲಿ ಎರಡು ಸಲ ಜಾರಿ ಬಿದ್ದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಒಂಟಿಯಾಗಿ ಬಿಟ್ಟರೆ ಮೂರನೆಯ ಸಲ ಏಳುವುದಿಲ್ಲ ಎಂದರು. ನಮ್ಮ ಸುತ್ತಮುತ್ತ ಹಿರಿಯರ ವಸತಿಗಳು ಮೂರಿದ್ದವು. ಮೂರರದ್ದೂ ಒಂದೇ ಕ್ರಮ: ಕೈಕಾಲು ಗಟ್ಟಿ ಇರುವವರಿಗೆ ಮೊದಲ ಕಟ್ಟಡ, ಸ್ನಾನಕ್ಕೆ ಊಟಕ್ಕೆ ಆಸರೆ ಬೇಕಾದವರಿಗೆ ಎರಡನೆಯದು, ಹಾಸಿಗೆ ಹಿಡಿದವರಿಗೆ, ಬುದ್ಧಿ ಮಸುಕಾದವರಿಗೆ ಕೊನೆಯದು. ಒಮ್ಮೆ ಸೇರಿದರೆ ಮತ್ತೆ ಗೇಟು ದಾಟುವ ಪ್ರಮೇಯವಿಲ್ಲ.

"ಒಂದನೇ ಕ್ಲಾಸು, ಎರಡನೇ ಕ್ಲಾಸು, ಮೂರನೇ ಕ್ಲಾಸು" ಎಂದ ದೊಡ್ಡಪ್ಪ. "ಪಾಸಾಗೋಕೆ ಮಾತ್ರ ಯಾರಿಗೂ ಆತುರ ಇದ್ದ ಹಾಗಿಲ್ಲ."

"ಬರ್ತೀಯೋ ಇಲ್ವೋ, ಅದನ್ನ ಹೇಳು."

"ಬರ್ತೀನಿ. ನಿನ್ನ ದೊಡ್ಡಮ್ಮ ಎಲ್ಲಿಗೆ ಬರ್ತಾಳೋ ಅಲ್ಲಿಗೆ."

ನಾನು ಹಣೆ ಚಚ್ಚಿಕೊಂಡೆ. ಅವನ ಲೆಕ್ಕ ಸರಳವಾಗಿತ್ತು. ಮೂರೂ ಕಡೆ ಅತಿಥಿ ಕೋಣೆಯಲ್ಲಿ ಎರಡೆರಡು ದಿನ ಉಳಿದು ನೋಡುವ ಅವಕಾಶವಿತ್ತು. ಕುರ್ಚಿಯನ್ನು ಜೊತೆಗೆ ಒಯ್ಯುವುದು, ಸಂಜೆ ಕಾಯುವುದು. ಸದ್ದು ಬಂದರೆ ಅದೇ ಮನೆ, ಬರದಿದ್ದರೆ ಮೆಟ್ಟಿಲು, ಮೂರನೆಯ ಸಲ ಬೀಳುವುದು, ಏನಾದರಾಗಲಿ. ಅವಳನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಬಗ್ಗುವವನಲ್ಲ. ಗಾಡಿಯ ತಲೆಯ ಮೇಲೆ ಕುರ್ಚಿ ಕಟ್ಟಿಸಿಕೊಂಡು ಹೊರಟೆವು.

ಮೊದಲನೆಯದು ಶ್ರೀಮಂತರದ್ದು. ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು, ಎಲ್ಲ ಕಿಟಕಿಯೂ ಬೀಗ ಹಾಕಿದ ಗಾಜು, ಎಲ್ಲಿಂದಲೋ ಸಣ್ಣಗೆ ಸಂಗೀತ. ಮ್ಯಾನೇಜರ್ ಹುಡುಗಿ ಗ್ರಂಥಾಲಯ, ಈಜುಕೊಳ, ಊಟದ ಮನೆ ಎಂದು ಹಲ್ಲು ಬಿಟ್ಟುಕೊಂಡು ತೋರಿಸಿದಳು. ದೊಡ್ಡಪ್ಪ ಊಟದ ಮನೆಯ ಕುರ್ಚಿಯೊಂದನ್ನು ತಲೆಕೆಳಗು ಮಾಡಿ, "ಪ್ಲಾಸ್ಟಿಕ್ಕು" ಎಂದು ಮತ್ತೆ ನೆಟ್ಟಗೆ ಇಟ್ಟ. ಆ ಕಾರ್ಪೆಟ್ಟಿನ ಮೇಲೆ ಎಂಥ ಭಾರದ ಮನುಷ್ಯ ನಡೆದರೂ ಹೆಜ್ಜೆ ಕೇಳಿಸುತ್ತಿರಲಿಲ್ಲ. ಸಂಜೆ ನಮ್ಮ ಹಿಂದೆ ಯಾರೋ ಬಂದು ನಿಂತಂತಾಗಿ ನಾನು ಬೆಚ್ಚಿ ತಿರುಗಿದರೆ ಗೌನು ತೊಟ್ಟ ಮುದುಕಿಯೊಬ್ಬಳು. "ನನ್ನ ಕೋಣೆ ಯಾವುದು?" ಎಂದು ಕೇಳಿದಳು. ಅವಳು ಯಾವ ಕಟ್ಟಡದಿಂದ ಬಂದಿದ್ದಳೋ ತಿಳಿಯಲಿಲ್ಲ. ಆಳುಗಳು ಬಂದು ಸದ್ದಿಲ್ಲದೆ ಕರೆದೊಯ್ದರು. ಕುರ್ಚಿಯೂ ಸದ್ದು ಮಾಡಲಿಲ್ಲ. ದೊಡ್ಡಪ್ಪ ಬೇಸರಪಡಲಿಲ್ಲ. "ಈ ತಣ್ಣನೆ ಯಂತ್ರದ ಗಾಳಿಯಲ್ಲಿ ಯಾವ ಬೆತ್ತವೂ ಮಾತಾಡಲ್ಲ" ಎಂದ.

ಎರಡನೆಯ ಕಡೆ ಕುರ್ಚಿಯನ್ನು ಗೇಟಿನ ಒಳಗೇ ಬಿಡಲಿಲ್ಲ. ಹೊರಗಿನ ಮರದ ಸಾಮಾನಿನಲ್ಲಿ ಹುಳ ಇರುತ್ತದಂತೆ. ನಾನು ಮೇಲಿನವರ ಹತ್ತಿರ ಹೋಗಿ ಜಗಳ ಕಾದು, ಗಂಟಲು ಕಟ್ಟಿಸಿಕೊಂಡು ಬರುವಷ್ಟರಲ್ಲಿ ದೊಡ್ಡಪ್ಪ ಕಾವಲುಗಾರನ ಗೂಡಿನಲ್ಲಿ ಕುರ್ಚಿ ಇಡಿಸಿ, ತಾನು ಅವನ ಸ್ಟೂಲಿನ ಮೇಲೆ ಕೂತಿದ್ದ. ಕಾವಲುಗಾರ ಕುರ್ಚಿಯ ಮೇಲೆ ಕೂರಲು ಹೋದದ್ದಕ್ಕೆ "ಏಯ್, ಅಲ್ಲಿ ಜನ ಇದಾರೆ" ಎಂದು ಗದರಿದನಂತೆ. ಪಾಪ, ಆ ಮನುಷ್ಯ ಆಮೇಲೆ ತನ್ನ ಗೂಡಿನೊಳಗೆ ಕಾಲಿಡಲಿಲ್ಲ, ಗೇಟಿನಲ್ಲೇ ನಿಂತ. ಒಂದು ರಾತ್ರಿಯೂ ಉಳಿಯದೆ ವಾಪಸು ಬಂದೆವು.

ಮೂರನೆಯದು ಹಿಂದೆ ನೂಲಿನ ಗಿರಣಿಯಾಗಿತ್ತು. ಎತ್ತರದ ಕಿಟಕಿಗಳು, ನಡೆದರೆ ಧಡಧಡ ಎನ್ನುವ ಮರದ ನೆಲ. ಬಣ್ಣ ಕಿತ್ತುಬಂದಿತ್ತು, ಬಚ್ಚಲ ನಲ್ಲಿ ಸೋರುತ್ತಿತ್ತು. ಆದರೆ ಅಲ್ಲಿನ ಮೇಟ್ರನ್ ದಪ್ಪ ದನಿಯಲ್ಲಿ "ಕುರ್ಚಿ ತಾನೇ? ಒಬ್ಬರು ಹೊಲಿಗೆ ಯಂತ್ರ ತಂದಿದಾರೆ, ಇನ್ನೊಬ್ಬರು ಬಾಗಿಲೇ ಕಿತ್ತು ತಂದಿದಾರೆ. ತನ್ನಿ ತನ್ನಿ" ಎಂದಳು. ಕೊನೆಯ ಕಟ್ಟಡವನ್ನೂ ಬಾಗಿಲು ತೆರೆದು ತೋರಿಸಿದಳು. ಹಾಸಿಗೆಗಳಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಎದುರಿಗೆ ಯಾರೂ ಇಲ್ಲದೆ ಮಾತಾಡುತ್ತಿದ್ದರು. ಒಬ್ಬ ಅಜ್ಜ ಪಕ್ಕದ ಖಾಲಿ ಜಾಗಕ್ಕೆ ಹೊದಿಕೆ ಸರಿಮಾಡುತ್ತಿದ್ದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ದೊಡ್ಡಪ್ಪನ ಮುಖ ಮಾತ್ರ ಅರಳಿತು. "ಇಲ್ಲಿ ಬರ್ತಾಳೆ ಕಣೇ" ಎಂದು ಪಿಸುಗುಟ್ಟಿದ.

ಕುರ್ಚಿಯ ಅಡಿ ಒರೆಸಿದ. ಕಿಟಕಿ ತೆರೆದ. ಹೊರಗೆ ಒಣ ಗಾಳಿ ಬೀಸುತ್ತಿತ್ತು. ಅಂಥ ಗಾಳಿಗೆ ಬೆತ್ತ ಕಿರುಗುಟ್ಟದೆ ಇರುವುದುಂಟೇ? ಮುಸ್ಸಂಜೆಯಾಯಿತು, ದೀಪ ಹತ್ತಿದವು, ಊಟದ ಗಂಟೆ ಹೊಡೆಯಿತು. ಕುರ್ಚಿ ತುಟಿಪಿಟಕ್ಕೆನ್ನಲಿಲ್ಲ. ಮರುದಿನವೂ ಹಾಗೇ. ದೊಡ್ಡಪ್ಪ ಸೀಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೆತ್ತ ಒಣಗಿ ತಮಟೆಯಷ್ಟು ಬಿಗಿಯಾಗಿತ್ತು.

"ಇದು ಆಗೋ ಮಾತಲ್ಲ" ಎಂದ. "ಒಣಗಿದ ಬೆತ್ತ ಕೂಗ್ಲೇಬೇಕು. ಕೆಳಗೆ ಹಿಡ್ಕೊಂಡು ಕೂತಿದಾಳೆ ಕಣೇ. ಬಿಡ್ತಿಲ್ಲ."

ಮನೆಗೆ ಮರಳಿದಾಗ ಇಸ್ತ್ರಿ ಅಂಗಡಿಯಾಕೆ ಕೆಂಡ ತುಂಬುತ್ತಾ ತಲೆಯೆತ್ತಿದಳು. "ನೀವಿಬ್ರೂ ಈಗ ಬರ್ತಿದೀರಾ? ಮತ್ತೆ ಮೇಲೆ ಯಾರಿದ್ರು?" ಎಂದಳು. "ಎರಡೂ ದಿನ ಸಂಜೆ ಬೆತ್ತದ ಸದ್ದು ಬಂತಲ್ಲ. ಯಾರೋ ಕೂತು ಏಳೋ ಹಾಗೆ."

ಮೇಲೆ ಆಗ ಒಂದೇ ಒಂದು ಕುರ್ಚಿಯೂ ಇರಲಿಲ್ಲ. ಗಿರಾಕಿಗಳದ್ದನ್ನೆಲ್ಲ ದೊಡ್ಡಪ್ಪ ಹೋಗುವ ಮೊದಲೇ ಹಿಂದಿರುಗಿಸಿದ್ದ, ದೊಡ್ಡಮ್ಮನದು ನನ್ನ ಕೈಯಲ್ಲಿತ್ತು. ದೊಡ್ಡಪ್ಪ ಮೆಟ್ಟಿಲು ಹತ್ತಿ ಹೋಗಿ, ಕಿಟಕಿಯ ಪಕ್ಕದ ಬರಿಯ ನೆಲವನ್ನು ನೋಡುತ್ತಾ ತುಂಬ ಹೊತ್ತು ನಿಂತ.

ಅವನ ಹಟವೇ ಗೆಲ್ಲುತ್ತಿತ್ತೋ ಏನೋ. ಆದರೆ ಅದೇ ವಾರ, ಕುರ್ಚಿ ಒರೆಸುವ ಬಟ್ಟೆಯನ್ನು ಕೆಳಗಿನ ನಲ್ಲಿಯಲ್ಲಿ ನೆನೆಸಿಕೊಂಡು ಬರುವಾಗ ಮೆಟ್ಟಿಲಿನಲ್ಲಿ ಮೂರನೆಯ ಸಲ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಇನ್ನು ಮಹಡಿಯ ಮನೆ ಕನಸಿನ ಮಾತು. ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ದೊಡ್ಡಮ್ಮ ಸತ್ತ ದಿನವೂ ನೋಡಿರಲಿಲ್ಲ.

"ನನ್ನನ್ನ ಆ ಗಿರಣಿಗೆ ಸೇರಿಸು. ಕುರ್ಚಿ ಮಾತ್ರ ಅವಳ ಹತ್ರವೇ ಇರ್ಲಿ. ನೀನು ಆ ಮನೆಗೆ ಬಂದುಬಿಡು. ಸಂಜೆ ದೀಪ ಹಚ್ಚೋಕೆ ಒಬ್ರು ಬೇಕಲ್ಲ."

ಹೀಗೆ ಅವನು ಗಿರಣಿಯ ಎರಡನೆಯ ಕಟ್ಟಡ ಸೇರಿದ, ನಾನು ಅವನ ಮನೆ ಸೇರಿದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅಂಗಡಿಯಿಂದ ಮಧ್ಯಾಹ್ನ ಬಸ್ಸು ಹಿಡಿದು ಊಟಕ್ಕೆ ಬಂದಾಗ ಕುರ್ಚಿಯ ಅಡಿ ಒರೆಸಿಯೇ ಹೋಗುತ್ತಿದ್ದೆ. ಸಂಜೆ ಕಿರ್ರೆನ್ನುತ್ತಿತ್ತು. ಮೊದಮೊದಲು ಹೆದರಿ ರೇಡಿಯೋ ಜೋರು ಮಾಡುತ್ತಿದ್ದೆ. ಆಮೇಲೆ ಆ ಸದ್ದಿಗೆ ಮುಂಚೆ ಮನೆ ತಲುಪದಿದ್ದರೆ ಜೀವ ಚಡಪಡಿಸತೊಡಗಿತು. ಅಂಗಡಿಯಲ್ಲಿ ಯಾರ ಮೇಲಾದರೂ ರೇಗಿ ಬಂದ ದಿನ ಆ ಕುರ್ಚಿಯ ಕಡೆ ತಿರುಗಿ ಗೊಣಗಿಕೊಳ್ಳುತ್ತಿದ್ದೆ. ಭಾನುವಾರ ನನ್ನನ್ನು ಕಂಡೊಡನೆ ದೊಡ್ಡಪ್ಪ ಕೇಳುತ್ತಿದ್ದದ್ದು ಒಂದೇ ಮಾತು.

"ಎದ್ದಳಾ?"

"ಎದ್ದಳು ದೊಡ್ಡಪ್ಪ."

ಅವನಿಗೆ ಅಷ್ಟು ಸಾಕು. ಆಮೇಲೆ ಊಟ ಮಾಡುತ್ತಿದ್ದ, ಮೇಟ್ರನ್‌ಳನ್ನು ಕೆಣಕುತ್ತಿದ್ದ. ಗಿರಣಿಯ ಕುರ್ಚಿಗಳನ್ನೂ ಒಂದೊಂದಾಗಿ ಹೆಣೆಯಲು ಶುರುಮಾಡಿದ, ಆದರೆ ಕೆಳಗೆ ಎಳೆ ಹಿಡಿಯುವವರಿಲ್ಲದೆ ಕೈ ಸೋತು ಅರ್ಧಕ್ಕೆ ಬಿಟ್ಟ. ವರ್ಷಗಳು ಕಳೆದಂತೆ ಒಂದೊಂದೇ ಮರೆತ. ನನ್ನ ಹೆಸರು, ನನ್ನ ಅಪ್ಪ ತನ್ನ ತಮ್ಮ ಎಂಬುದು, ತಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು. "ಎದ್ದಳಾ" ಒಂದು ಮಾತ್ರ ಉಳಿದಿತ್ತು. ಅವನನ್ನು ಕೊನೆಯ ಕಟ್ಟಡಕ್ಕೆ ಸಾಗಿಸಿದರು.

ಅದೇ ವಾರ ಮನೆಯ ಕುರ್ಚಿ ಮೌನವಾಯಿತು. ನಾನು ಇನ್ನೊಮ್ಮೆ ಒರೆಸಿದೆ. ಕಿಟಕಿ ತೆರೆದೆ. ಎಂದೂ ಕೂರದವಳು ಕೂತು, ಎದ್ದು ನೋಡಿದೆ. ಏನೂ ಇಲ್ಲ. ಬೆತ್ತ ಬಿಗಿಯಾಗಿಯೇ ಇತ್ತು. ಮನೆ ಮಾತ್ರ ಬಿಕೋ ಎನ್ನುತ್ತಿತ್ತು. ಆ ಮನೆಯಲ್ಲಿ ನಾನು ಒಂಟಿ ಎಂದು ಮೊದಲ ಸಲ ಅನಿಸಿದ್ದು ಆ ಸಂಜೆ.

ಭಾನುವಾರ ಹೋಗುವಾಗ ದಾರಿಯುದ್ದಕ್ಕೂ ಒಂದೇ ಚಿಂತೆ. ಕೇಳಿದರೆ ಏನು ಹೇಳಲಿ? ಇಲ್ಲ ಎಂದರೆ ಅವನ ಉಸಿರೇ ನಿಂತೀತು. ಹೌದು ಎನ್ನಲು ನನಗೆ ನಾಲಿಗೆ ಹೊರಳದು.

ದೊಡ್ಡಪ್ಪ ಮಂಚದಲ್ಲಿ ಒರಗಿ ಕೂತಿದ್ದ. ತಲೆ ಬಾಚಿತ್ತು, ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಕಳೆಯಿತ್ತು. ಒಂದು ಕೈ ಮಂಚದ ಅಂಚಿನಿಂದ ಕೆಳಗೆ ಇಳಿಬಿದ್ದಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವೆ ಏನನ್ನೋ ಹಿಡಿದು ಆಗಾಗ ಮೆಲ್ಲಗೆ ಜಗ್ಗುತ್ತಿದ್ದ. ನನ್ನನ್ನು ನೋಡಿದ. ಗುರುತು ಹತ್ತಲಿಲ್ಲ. "ಎದ್ದಳಾ" ಎಂದು ಕೇಳಲೂ ಇಲ್ಲ.

ಮಂಚದ ಪಕ್ಕ ಬಂದವರಿಗೆಂದು ಹಾಕಿದ್ದ ಪ್ಲಾಸ್ಟಿಕ್ ಕುರ್ಚಿ ಇತ್ತು. ಕೂರಲೆಂದು ಅದನ್ನು ಹತ್ತಿರ ಎಳೆದುಕೊಂಡೆ.

"ಅಲ್ಲಿ ಕೂರಬೇಡಿ ಅಮ್ಮಾ" ಎಂದ ದೊಡ್ಡಪ್ಪ, ಅಪರಿಚಿತರಿಗೆ ಹೇಳುವಂತೆ ಮೆತ್ತಗೆ. "ಜನ ಇದಾರೆ."

ನಾನು ಕುರ್ಚಿಯನ್ನು ಇದ್ದಲ್ಲಿಗೇ ಸರಿಸಿದೆ. ಅವತ್ತು ಹೊರಡುವವರೆಗೂ ನಿಂತೇ ಇದ್ದೆ.