‘ಹ’ ಇಲ್ಲದ ಭಾಷೆ

ಲೋಕದಲ್ಲಿ ಇನ್ನೊಂದು ಭಾಷೆ ಹುಟ್ಟಿದೆ. ಹುಟ್ಟಿದ್ದು ಬಡವನಹಳ್ಳಿಯಲ್ಲಿ, ನನ್ನ ಅಕ್ಕನ ಮನೆಯ ಜಗುಲಿ ಮೇಲೆ. (ಮಾತಾಡುವವರು ಸದ್ಯಕ್ಕೆ ಒಬ್ಬರೇ. ಹೆಸರು ಇನ್ನೂ ಇಟ್ಟಿಲ್ಲ.)

ಕಳೆದ ಭಾನುವಾರ ಹೋದಾಗ ಅಕ್ಕನ ಮಗಳು ಸುಚಿತ್ರಾ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದಳು. ಮಧುಗಿರಿಯಲ್ಲಿ ಡಿಗ್ರಿ ಓದುವ ಹುಡುಗಿ. ತಾನೇ ಕಟ್ಟಿದ ಭಾಷೆಗೆ ಲಿಪಿ ಮಾಡುತ್ತಿದ್ದಾಳಂತೆ. ಇಣುಕಿದೆ. ಕ ವರ್ಗ, ಚ ವರ್ಗ ಎಲ್ಲ ನಮ್ಮ ಹಾಗೇ ಸಾಲಾಗಿ ಕೂತಿವೆ. ಕೊಂಬು, ಗುಡಿಸು, ಒತ್ತಕ್ಷರ ಎಲ್ಲ ಇವೆ. ತಲೆಕಟ್ಟು ಮಾತ್ರ ಹುಣಸೆಕಾಯಿ ಥರ ಬಾಗಿದೆ. ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ?

ಕನ್ನಡ ಮೇಷ್ಟ್ರ ಚಾಳಿ ಬಿಡುತ್ತದೆಯೇ? ಒಂದೊಂದೇ ಓದುತ್ತಾ ಹೋದೆ. ಸ ಇತ್ತು, ಳ ಇತ್ತು. ನಡುವೆ ಒಂದು ನಾಪತ್ತೆ.

“ಹ ಎಲ್ಲಮ್ಮಾ?”

“ತೆಗ್ದಾಕ್ಬುಟ್ಟೆ ಮಾವ. ನಮ್ಮೂರಾಗೆ ಅದನ್ನ ಯಾರು ಅಂತಾರೆ? ಆಲು, ಅಣ್ಣು, ಉಣಸೆ ಉಳಿ. ಎಲ್ಲಾರೂ ಇಂಗೇ ತಾನೆ?”

ನನಗೆ ನಗು ಬರಲಿಲ್ಲ. ಹೋದ ತಿಂಗಳು ಕಾಲೇಜಿನ ಸಮಾರಂಭದಲ್ಲಿ ನಿರೂಪಣೆ ಇವಳದ್ದು. ಎಲ್ಲಿ ‘ಹ’ ನುಂಗಿಬಿಡುತ್ತೇನೋ ಎಂಬ ಭಯಕ್ಕೆ ಇಲ್ಲದ ಕಡೆಯೂ ಸೇರಿಸಿದಳು: “ಅತಿಥಿಗಳು ಹಾಸನ ಅಲಂಕರಿಸಬೇಕು.” ಆಸನ ಹೋಗಿ ಹಾಸನವಾಯಿತು. “ಬಸ್ಸು ಎಷ್ಟೊತ್ತಿಗೆ?” ಅಂತ ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆಗೆ ಸಭೆಯೇ ನಕ್ಕಿತು.

ಅವತ್ತಿನಿಂದ ಮೈಕ್ ಇರಲಿ, ಕ್ಲಾಸಿನಲ್ಲೂ ಅವಳು ಮಾತಾಡುತ್ತಿಲ್ಲ. ಈ ಶುಕ್ರವಾರ ಸೆಮಿನಾರ್ ಇದೆ, ಮಾರ್ಕ್ಸ್ ಇದೆ. ಹೋಗಲ್ಲ ಅಂತ ಕೂತಿದ್ದಾಳೆ.

“ಬಾಯಿಗೆ ಬೀಗ ಆಕ್ಕಂಡು ಕುಂತವ್ಳೆ ಕಣ್ಲಾ. ನೀನಾರ ಒಸಿ ಯೋಳು” ಅಂದಳು ಅಕ್ಕ, ಕಾಫಿ ಕೊಡುತ್ತಾ.

ಏನಂತ ಹೇಳಲಿ? ಹಳಗನ್ನಡದ ಱ, ೞ ಎರಡೂ ನಮ್ಮ ನಾಲಿಗೆಯಿಂದ ಜಾರಿಹೋದವು. ಆಗ ಯಾರಾದರೂ ಕನ್ನಡವನ್ನು ಗೇಲಿ ಮಾಡಿದರೇ? ಇಡೀ ನಾಡೇ ಒಂದು ಅಕ್ಷರ ಬಿಟ್ಟರೆ ಅದು ಭಾಷೆಯ ಬೆಳವಣಿಗೆ. ಬಡವನಹಳ್ಳಿ ಬಿಟ್ಟರೆ ತಪ್ಪು ಉಚ್ಚಾರಣೆ. ಇದ್ಯಾವ ನ್ಯಾಯ ಸ್ವಾಮಿ?

ಅವಳ ಮನಸ್ಸು ಸ್ವಲ್ಪ ಹಗುರ ಮಾಡೋಣ ಅಂತ ತಮಾಷೆಗೆ ಒಂದು ಕೊಂಕು ತೆಗೆದೆ. “ಅಲ್ಲಮ್ಮಾ, ಹ ಇಲ್ಲದಿದ್ರೆ ನಿನ್ನ ಭಾಷೇಲಿ ‘ಹಹ್ಹಹ್ಹಾ’ ಅಂತ ನಗೋದನ್ನ ಹೆಂಗೆ ಬರೀತೀಯ?”

ಸುಚಿತ್ರಾ ತಲೆ ಎತ್ತಲಿಲ್ಲ.

“ಬರಿಯಾಕಾಗಲ್ಲ. ಅದುಕ್ಕೇ ಕಣ್ ಮಾವ ತೆಗ್ದಿದ್ದು.”

ನೀವು ಕಡೆಯದಾಗಿ ಯಾರ ಉಚ್ಚಾರಣೆಗೆ ನಕ್ಕಿರಿ, ನೆನಪಿದೆಯೇ?