ಸೇಡಂ ತನಕ ಓಡಿದವನ ಬೇನೆ

ನಾನು ಗಣಿತ ಕಲಿಸುವ ಮಾಸ್ತರ. ಯಾವುದಕ್ಕೂ ಕಾರಣ ತಿಳಿಯದಿದ್ದರೆ ನನಗೆ ಸಿಟ್ಟು ಬರುತ್ತದೆ. ವಾಡಿಯಿಂದ ಸೇಡಂ ತನಕ ಓಡಿದ ಆ ಒಂದು ದಿನದ ಮೇಲೆ ಇನ್ನೂ ಸಿಟ್ಟಿದೆ. ಓಡಿದ್ದು ನಾನೇ, ಕಾಲು ನನ್ನವೇ. ಆದರೆ ಆ ದಿನ ಏನು ನಡೆಯಿತು ಎಂಬುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಊಟಕ್ಕೆ ಕುಳಿತಾಗ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಗಿ ಒಂದೆರಡು ವರ್ಷ ಆಗಿರಬೇಕು. ನಾನು ವಾಡಿಯ ಶಾಲೆಯಲ್ಲಿದ್ದೆ, ಮದುವೆ ಆಗಿರಲಿಲ್ಲ. ಶಹಾಬಾದದ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಖಣಿಗಳಲ್ಲಿ ದುಡಿಯುವ ಹುಡುಗರು ಮೀಸೆ ಚಿಗುರುವ ವಯಸ್ಸಿಗೇ ಕೆಮ್ಮಲು ಶುರುಮಾಡುತ್ತಿದ್ದರು. ಟಿ.ಬಿ. ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ಬ್ಯಾನಿ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು. ಅಂಥ ಹುಡುಗನಿಗೆ ಮನೆಯಲ್ಲಿ ಬೇರೆ ಗ್ಲಾಸು, ಬೇರೆ ತಾಟು, ಮಲಗಲು ಹೊರಗಿನ ಕಟ್ಟೆ. ಕೈಯಲ್ಲಿ ದುಡ್ಡಿಲ್ಲದೆ ಔಷಧಿ ನಡುವೆ ಬಿಟ್ಟವರು ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. ಅವರ ಔಷಧಿಗೆಂದು ಅಲ್ಲಿನ ಒಬ್ಬ ಡಾಕ್ಟರು ತರುಣರ ನಿಧಿಯೊಂದನ್ನು ಶುರುಮಾಡಿದ್ದರು. ನಿಧಿ ಎಂಬ ಹೆಸರು ದೊಡ್ಡದಾಗಿತ್ತು, ಒಳಗೆ ಏನೂ ಇರಲಿಲ್ಲ.

ಡಾಕ್ಟರು ಒಂದು ದಿನ ನಮ್ಮ ಶಾಲೆಗೆ ಬಂದು, ಪರದೇಶದಲ್ಲಿ ಒಬ್ಬ ಮನುಷ್ಯ ಹರದಾರಿಗಟ್ಟಲೆ ಓಡುತ್ತಾನೆ, ಅದನ್ನು ನೋಡಿ ಜನ ಧರ್ಮಕ್ಕೆ ದುಡ್ಡು ಕೊಡುತ್ತಾರೆ, ಅದಕ್ಕೆ ಮ್ಯಾರಥಾನ್ ಎನ್ನುತ್ತಾರೆ ಎಂದು ಹೇಳಿದರು.

"ರೊಕ್ಕ ಬೇಕಂದ್ರ ಕೇಳೋಣ್ರಿ. ನಡುವ ಓಡೋದ್ಯಾಕ?" ಅಂದೆ.

"ಓಡಿದ್ರ ಜನ ನೋಡ್ತಾರ, ಮಾಸ್ತರ್."

"ನೋಡಿದ್ರ ಕೊಡ್ತಾರ?"

ಡಾಕ್ಟರು ಕನ್ನಡಕ ಒರೆಸಿಕೊಂಡರು. ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಹುಡುಗನಾಗಿದ್ದಾಗ ಚಿತ್ತಾಪುರದ ಹೈಸ್ಕೂಲಿಗೆ ಹೋಗುವ ರೈಲು ತಪ್ಪಿದರೆ ನಾನು ಹಳಿಗುಂಟ ಓಡಿಯೇ ಹೋಗುತ್ತಿದ್ದೆ, ಈ ಸುದ್ದಿ ಯಾರೋ ಅವರ ಕಿವಿಗೆ ಹಾಕಿದ್ದರು. ಆಗಲ್ಲ ಎನ್ನುವವನಿದ್ದೆ. ಅಷ್ಟರಲ್ಲಿ ಅವರು, ವಾಡಿಗೆ ಒಂದು ಸುತ್ತು ಹಾಕಿ ಹೊರಟರೆ ಸೇಡಂಗೆ ಸರಿಯಾಗಿ ಮ್ಯಾರಥಾನಿನಷ್ಟೇ ದೂರ ಆಗುತ್ತದೆ ಎಂದರು. ಸೇಡಂ ಎಂದ ಕೂಡಲೇ ಒಪ್ಪಿಬಿಟ್ಟೆ.

ಸೇಡಂನಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಅರಿವೆ ಅಂಗಡಿಯವರ ಮಗಳು. ಮಾತು ಮುಗಿದು ಎರಡೂ ಕಡೆಯವರು ಸಕ್ಕರೆ ತಿಂದಾಗಿತ್ತು, ಎಳ್ಳಮಾವಾಸ್ಯೆ ದಾಟಿದ ಮೇಲೆ ನಿಶ್ಚಯ ಎಂದಿದ್ದರು. ನಾನು ಅವಳನ್ನು ನೋಡಿದ್ದು ಒಮ್ಮೆ, ಚಹದ ಕಪ್ಪಿನ ಅಂಚಿನ ಮೇಲಿಂದ. ನೋಡಿದ ದಿನದಿಂದ ನನ್ನ ಲೆಕ್ಕಗಳು ತಪ್ಪುತ್ತಿದ್ದವು. ಆ ಸಂಬಂಧ ಕೈತಪ್ಪಬಾರದು ಎಂಬುದೊಂದು ಬಿಟ್ಟು ಬೇರೆ ಆಸೆಯೇ ಆಗ ನನಗಿರಲಿಲ್ಲ. ಅಷ್ಟು ದೂರದಿಂದ ಓಡಿ ಬಂದು ಅವಳ ಊರಿನ ನಡುವೆ ನಿಂತರೆ ಸೇಡಂ ಮಂದಿ ಏನೆಂದಾರು, ಅವಳು ಮಾಳಿಗೆಯ ಮೇಲಿಂದ ನೋಡಿಯಾಳು, ಹೀಗೆಲ್ಲ ಅಂದುಕೊಂಡಿದ್ದೆ.

ಆ ದಿನ ಮುಂದೆ ಒಂದು ಜೀಪು, ಅದರಲ್ಲಿ ಡಾಕ್ಟರು ಮತ್ತು ಮೈಕು. ಜೀಪಿನ ಹಿಂದೆ ಜೋಳಿಗೆ ಹಿಡಿದು ಕುಳಿತವನು ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ ಒಬ್ಬ ತರುಣ. ಅವನಿಗೆ ಬೇನೆ ಬಂದು, ಔಷಧಿ ಪೂರ್ತಿ ಮುಗಿಸಿ ಗುಣವಾಗಿತ್ತು. ಡಾಕ್ಟರ ಕೈಯ ಮೊದಲ ಗೆಲುವು ಅವನು. ಹಾಲು ತತ್ತಿ ತಿಂದು ಗಲ್ಲ ತುಂಬಿಕೊಂಡು ಸಾಹುಕಾರರ ಮಗನ ಹಾಗೆ ಕಾಣುತ್ತಿದ್ದ. ಅವನ ಹಿಂದೆ ನಾನು. ನಾನು ಹುಟ್ಟಾ ಬಡಕಲ. ಬನಿಯನ್ ಮೇಲಿಂದಲೇ ಪಕ್ಕೆಲುಬು ಎಣಿಸಬಹುದಿತ್ತು. ಯಾರದೋ ಕ್ಯಾನ್ವಾಸ್ ಬೂಟು ಹಾಕಿಕೊಂಡು, ದಾರಿಯ ಧೂಳೆಲ್ಲ ಕುಡಿಯುತ್ತಾ, ಕೆಮ್ಮುತ್ತಾ ಓಡುತ್ತಿದ್ದೆ.

ಆಗ ಬಂದ ತಪ್ಪು ತಿಳುವಳಿಕೆಗೆ ಯಾರನ್ನು ಬೈಯುವುದೋ ಇವತ್ತಿಗೂ ತಿಳಿದಿಲ್ಲ. ನಮ್ಮ ಕಡೆ ಬೇನೆಗಾಗಿ ಯಾರಾದರೂ ಜೋಳಿಗೆ ಒಡ್ಡಿದರೆ ಆ ಬೇನೆ ಅವರದೇ ಆಗಿರುತ್ತದೆ, ಇಲ್ಲವೇ ಅವರ ಮನೆಯವರದು. ಪರರ ಬೇನೆಗೆ ಪರರೊಬ್ಬರು ಓಡುವುದನ್ನು ಯಾರು ಕಂಡಿದ್ದರು? ಜನ ಜೀಪು ನೋಡಿದರು, ಗುಂಡಗಿರುವ ಹುಡುಗನನ್ನು ನೋಡಿದರು, ಕೆಮ್ಮುತ್ತಾ ಬರುವ ನನ್ನನ್ನು ನೋಡಿದರು, ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡರು.

ಚಿತ್ತಾಪುರ ಇನ್ನೂ ಮುಂದಿತ್ತು. ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಒಬ್ಬ ಮುದುಕಿ ರಸ್ತೆಗೆ ಬಂದು ನನ್ನ ಬೊಗಸೆಗೆ ಮಜ್ಜಿಗೆ ಹೊಯ್ದಳು. ಭಾಳ ಎತ್ತರದಿಂದ ಹೊಯ್ದಳು, ಅರ್ಧ ನನ್ನ ಬೂಟಿಗೆ ಹೋಯಿತು. ಆಮೇಲೆ ಡಾಕ್ಟರ ಕಡೆ ತಿರುಗಿ ಜಗಳ ತೆಗೆದಳು.

"ಇಂಥಾ ಕೂಸಿಗಿ ಓಡಸ್ತೀರಲ್ಲ, ನಿಮಗ ಕರುಣಾ ಅದ ಏನು? ಗಾಡ್ಯಾಗ ಕುಂದ್ರಸ್ರಿ ಅವನಿಗಿ. ಆ ಗುಂಡ್ಯಾ ಇಳದು ಓಡ್ಲಿ."

ಬಿಸಿಲಿಗೆ ಹೀಗೆ ಅಂದಳು ಎಂದುಕೊಂಡೆ. ಚಿತ್ತಾಪುರದಲ್ಲಿ ಜನ ಧಾರಾಳವಾಗಿ ಕೊಟ್ಟರು. ಕೊಟ್ಟವರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಜೀಪಿಗೆ ಅಂಜಿ ಎಳೆದುಕೊಂಡರು ಎಂದುಕೊಂಡೆ. ಅಲ್ಲಿಂದ ಮುಂದೆ ಪ್ಯಾಸೆಂಜರ್ ರೈಲು ನಮ್ಮ ಪಕ್ಕಕ್ಕೇ ಹೋಯಿತು. ಕಿಟಕಿಯಲ್ಲಿ ಹುಡುಗಿಯ ಓಣಿಯವರೊಬ್ಬರು ಕಂಡರು. ನಾನು ಕೈ ಬೀಸಿದೆ, ಅವರು ಬೀಸಲಿಲ್ಲ. ಆ ರೈಲು ನನಗಿಂತ ಮೊದಲು ಸೇಡಂ ಮುಟ್ಟುತ್ತದೆ ಎಂಬುದು ಮಾತ್ರ ಆಗ ತಲೆಗೆ ಬರಲಿಲ್ಲ.

ತಿಳಿದದ್ದು ಮಳಖೇಡದ ಚಹದಂಗಡಿಯಲ್ಲಿ. ಅಂಗಡಿಯ ಮಾಲಕ, ವಯಸ್ಸಾದ ಸಾಬರು, ಜೋಳಿಗೆಯ ಹುಡುಗನಿಗೆ ತೊಳೆದ ಗ್ಲಾಸಿನಲ್ಲಿ ಚಹ ಕೊಟ್ಟರು. ನನಗೆ ಕಿವಿ ಮುರಿದ ಒಂದು ಕಪ್ಪು.

"ಕಪ್ ವಾಪಸ್ ಬ್ಯಾಡ್ರಿ, ತಗೊಂಡ್ ಹೋಗ್ರಿ," ಎಂದು ಮೆಲ್ಲಗೆ ಹೇಳಿದರು. "ಬ್ಯಾನಿ ಹತ್ತಿ ಎಷ್ಟ್ ದಿನ ಆಯ್ತು ಬೇಟಾ?"

ಹುಡುಗ ಚಹ ಕುಡಿಯುತ್ತಿದ್ದವನು ನಕ್ಕುಬಿಟ್ಟ. ಆಮೇಲೆ ನನ್ನ ಕೈಯ ಕಪ್ಪು ನೋಡಿ ನಗು ನಿಲ್ಲಿಸಿದ.

ನನಗೆ ಮುದುಕಿ, ಮಕ್ಕಳು, ರೈಲಿನ ಕಿಟಕಿ ಎಲ್ಲ ಒಮ್ಮೆಲೇ ಅರ್ಥವಾದವು. ಇಲ್ಲ, ನನಗೇನೂ ಆಗಿಲ್ಲ, ಇವನಿಗೆ ಆಗಿತ್ತು ಎಂದು ಕೂಗಬೇಕೆನಿಸಿತು. ಬಾಯಿ ತೆರೆದೆ ಕೂಡ. ಹುಡುಗ ಕೈಯಲ್ಲಿ ತೊಳೆದ ಗ್ಲಾಸು ಹಿಡಿದು ನಿಂತಿದ್ದ.

"ನಮ್ ಮನ್ಯಾಗ ನನ್ ಗ್ಲಾಸು ಇನ್ನಾ ಹೊರಗ ಕಟ್ಟಿ ಮ್ಯಾಲೇ ಅದರಿ, ಮಾಸ್ತರ್," ಅಂದ. "ಡಾಕ್ಟರ್ ಹೇಳಿದ್ರೂ ನಮ್ಮವ್ವ ಒಳಗ ತರವಲ್ಲಳು."

ಮುರುಕು ಕಪ್ಪಿನಲ್ಲೇ ಚಹ ಕುಡಿದು ಮುಗಿಸಿದೆ. ಕಾಗಿಣಾ ಹೊಳೆ ಹಿಂದೆ ಬಿದ್ದಾಗ ಕಪ್ಪು ಇನ್ನೂ ಕೈಯಲ್ಲೇ ಇತ್ತು. ಎಸೆಯಲೋ ಬೇಡವೋ ತಿಳಿಯದೆ ಸುಮಾರು ದೂರ ಹಿಡಿದುಕೊಂಡೇ ಓಡಿದೆ. ಕೊನೆಗೆ ಹುಡುಗ ಕೈಚಾಚಿ ಅದನ್ನು ಇಸಿದುಕೊಂಡ.

ಸೇಡಂ ಮುಟ್ಟಿದಾಗ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಜನ ಭಾಳ ಸೇರಿದ್ದರು, ಮಾಳಿಗೆಗಳ ಮೇಲೆ ಹೆಂಗಸರಿದ್ದರು. ಅವರಲ್ಲಿ ಅವಳನ್ನು ಹುಡುಕುವ ಧೈರ್ಯ ಆಗಲಿಲ್ಲ. ಡಾಕ್ಟರು ಒಂದು ಬೆಂಚಿನ ಮೇಲೆ ನನ್ನನ್ನು ಕೂರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು ಭಾಷಣ ಮಾಡಿದರು. "ಈ ಬ್ಯಾನಿ ಗುಣ ಆಗ್ತದ. ಔಷಧಿ ನಡುವ ಬಿಡಬ್ಯಾಡ್ರಿ. ಹಾಲು, ತತ್ತಿ ತಿನ್ರಿ. ಅಂಜಬ್ಯಾಡ್ರಿ." ಆ ಕೈಯನ್ನು ಬೇರೆ ಎಲ್ಲಾದರೂ ಇಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಭಾಷಣ ಮುಗಿದ ಮೇಲೆ ಹುಡುಗಿಯ ತಂದೆ ಜನರನ್ನು ಸರಿಸಿಕೊಂಡು ಬಂದರು. ಸಿಟ್ಟಿನಲ್ಲಿರಲಿಲ್ಲ. ಸಿಟ್ಟಾಗಿದ್ದರೆ ನನಗೂ ಸುಲಭವಿತ್ತು.

"ಮಾಸ್ತರ್, ಊರಾಗ ಒಂದ್ ಮಾತು ನಡದದ. ನಿಮ್ ಬಾಯಿಲಿಂದೇ ಕೇಳಬೇಕಂತ ಬಂದೀನಿ. ನಿಮಗ ದೊಡ್ಡ ಬ್ಯಾನಿ ಅದ ಏನ್ರಿ?"

ಒಂದು ಮಾತು. 'ಛೇ, ನನಗಿಲ್ಲ' ಎಂದಿದ್ದರೆ ಮುಗಿದಿತ್ತು. ಅಷ್ಟರಲ್ಲಿ ಜೋಳಿಗೆಯ ಹುಡುಗ ತನ್ನ ನೀರಿನ ಗ್ಲಾಸು ಹಿಡಿದು ನನ್ನ ಮಗ್ಗುಲಿಗೆ ಬಂದು ನಿಂತಿದ್ದ. ಅರ್ಧ ಕುಡಿದ ಗ್ಲಾಸು. ನನಗೆ ಕೊಡಲೋ ಬೇಡವೋ ಎಂದು ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಇವನ ಮುಂದೆ 'ಛೇ' ಎನ್ನುವುದು ಹೇಗೆ? ಅನ್ನದಿದ್ದರೆ ಸಂಬಂಧ ಹೋಗುತ್ತದೆ. ನಾನು ಯಾರನ್ನೂ ನೋಡದೆ ಗ್ಲಾಸು ಇಸಿದುಕೊಂಡು ಪೂರ್ತಿ ಕುಡಿದೆ. ಅದು ಧೈರ್ಯವೋ ಬರೀ ಬಾಯಾರಿಕೆಯೋ, ಈಗ ಕೇಳಿದರೂ ಹೇಳಲಾರೆ. ಗ್ಲಾಸು ಇಳಿಸುವಷ್ಟರಲ್ಲಿ ಅವರು "ಆಯ್ತ್ರಿ" ಎಂದು ಹೊರಟುಹೋಗಿದ್ದರು.

ರೈಲಿನಲ್ಲಿ ವಾಡಿಗೆ ಮರಳಿದೆ. ನಿಧಿಗೆ ಹಣ ಬಂದಿತ್ತು, ಹುಡುಗರ ಔಷಧಿ ನಡೆಯಿತು. ಡಾಕ್ಟರು ಹಿಗ್ಗಿದ್ದರು. ನನಗೆ ಅತ್ತುಬಿಡೋಣ ಅನ್ನಿಸುತ್ತಿತ್ತು. ಅವ್ವ ಸೇಡಂ ದಿಕ್ಕಿಗೆ ಬೈದಳು, ನನ್ನನ್ನೂ ಬೈದಳು. ಎಳ್ಳಮಾವಾಸ್ಯೆ ಬಂತು, ಹೋಯಿತು. ಆಮೇಲೆ ಒಂದು ದಿನ ಸೇಡಂನಿಂದ ಹಿರಿಯರೊಬ್ಬರು ಬಂದು, ಹುಡುಗಿ ಒಪ್ಪಿದ್ದಾಳೆ, ನಿಶ್ಚಯದ ದಿನ ಹೇಳಿರಿ ಎಂದರು. ಯಾರೋ ಪುಣ್ಯವಂತರು ನಿಜಸಂಗತಿ ತಿಳಿಸಿರಬೇಕು ಅಂದುಕೊಂಡೆ. ಯಾರೆಂದು ಕೇಳಲೂ ಇಲ್ಲ. ಸಿಕ್ಕ ಉತ್ತರ ಸರಿಯಿದ್ದರೆ ಬಿಡಿಸಿದ ರೀತಿ ಯಾರು ನೋಡುತ್ತಾರೆ? ಹುಡುಗರಾದರೆ ಅದಕ್ಕೆ ನಾನೇ ಅಂಕ ಕಳೆಯುತ್ತಿದ್ದೆ.

ಮದುವೆಯಾಗಿ ವಾಡಿಯಲ್ಲಿ ಮನೆ ಹೂಡಿದೆವು. ಮಗ್ಗುಲ ಮನೆಯಲ್ಲಿ ಕೋಳಿ ಸಾಕಿಕೊಂಡು, ಓಣಿಯವರೆಲ್ಲ ಖಾಲಾ ಎನ್ನುತ್ತಿದ್ದ ಒಬ್ಬ ಮುಸಲ್ಮಾನ ಹೆಂಗಸು ಇದ್ದರು. ಒಂದು ಗುರುವಾರ ಶಾಲೆಗೆ ಹೊರಟವನನ್ನು ಒಳಗೆ ಕರೆದು, ಕುದಿಸಿದ ತತ್ತಿಗೆ ಉಪ್ಪು ಮೆಣಸು ಹಾಕಿ ಮುಂದಿಟ್ಟರು. ನಮ್ಮದು ಲಿಂಗ ಕಟ್ಟಿದ ಮನೆ, ತತ್ತಿ ಹೊಸ್ತಿಲು ದಾಟುವಂತಿಲ್ಲ.

"ತಿನ್ರಿ ಮಾಸ್ತರ್. ಪಾಪ ಬರೋದಿದ್ರ ನನಗ್ ಬರ್ಲಿ," ಅಂದರು.

ತಿಂದೆ. ರುಚಿ ಹತ್ತಿತು. ಮುಂದೆ ಎಲ್ಲ ಗುರುವಾರವೂ ತಿಂದೆ. ಹೊರಬಂದ ಮೇಲೆ ಲವಂಗ ಅಗಿದು, ಬಾಯಿ ಒರೆಸಿಕೊಂಡು, ಹೆಂಡತಿಗೆ ಗೊತ್ತಾಗಲಿಲ್ಲ ಎಂದು ವರ್ಷಗಟ್ಟಲೆ ಜಾಣನ ಹಾಗೆ ತಿರುಗಿದೆ. ಹೆಂಡತಿ ಗುರುವಾರ ಒಪ್ಪತ್ತು ಹಿಡಿದಿದ್ದಳು. ನಮ್ಮಲ್ಲಿ ಎಲ್ಲರೂ ಸೋಮವಾರ ಹಿಡಿದರೆ ಇವಳದೇನು ಬೇರೆ ಎಂದು ಕೇಳಿದರೆ, "ನಂದೊಂದು ಅದ," ಎಂದಷ್ಟೇ ಅನ್ನುತ್ತಿದ್ದಳು. ಕಾರಣ ಸಿಗದೆ ನನಗೆ ಸಿಟ್ಟು ಬರುತ್ತಿತ್ತು.

ಮಕ್ಕಳು ಶಾಲೆಗೆ ಹೋಗುವಷ್ಟಾದ ಮೇಲೆ ಖಾಲಾ ಮನೆ ಖಾಲಿ ಮಾಡಿ ಚಿಂಚೋಳಿಗೆ, ಮಗಳ ಮನೆಗೆ ಹೋದರು. ಮರುದಿನ ಮಧ್ಯಾಹ್ನ ಹೆಂಡತಿ ನನಗೆ ರೊಟ್ಟಿ ಬಡಿಸುತ್ತಾ ಕೇಳಿದಳು.

"ಖಾಲಾ ಹೋದ್ರು. ಇನ್ ನಿಮ್ ತತ್ತಿಗಿ ಏನ್ ಮಾಡೋದ್ರಿ?"

ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟೆ. ಖಾಲಾಗೆ ತಿಂಗಳಿಗಿಷ್ಟು ಜೋಳ ಅಳೆದು ಕೊಟ್ಟು ಆ ತತ್ತಿ ತಿನ್ನಿಸಿದವಳು ಇವಳೇ ಎಂದು ಆಗ ಹೊರಬಿತ್ತು. ನಾನು ತಿಂದ ದಿನ ಇವಳು ಅದಕ್ಕಾಗಿ ದೇವರ ಮುಂದೆ ಉಪವಾಸ ಕೂತಿದ್ದಳು.

"ಯಾಕ? ನನಗ್ಯಾಕ ತತ್ತಿ?"

"ನಿಮ್ ಎದಿಗಿ." ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಬಾಗಿಲ ಕಡೆ ನೋಡಿದಳು. "ಅವತ್ ಡಾಕ್ಟರ್ ಹೇಳಿದ್ದು ಮಾಳಿಗಿ ಮ್ಯಾಲಿಂದ ಕೇಳೀನಿ. ಅಪ್ಪ ಮನಿಗಿ ಬಂದು, ಹುಡುಗಗ ಬ್ಯಾನಿ ಅದ, ಕೇಳಿದ್ರ ಇಲ್ಲ ಅನಲಿಲ್ಲ, ಸುಳ್ಳ್ ಹೇಳೋ ಮನಶಾ ಅಲ್ಲ, ನೀನೇ ನೋಡು ಅಂದ. ಗುಣ ಆಗ್ತದ ಅಂತ ಡಾಕ್ಟರ್ ಅಂದಾರಲ್ಲ, ನಾ ಗುಣ ಮಾಡ್ಕೋತೀನಿ ಅಂದೆ."

ಆ ಭಾಷಣವನ್ನು ಇಡೀ ಸೇಡಂನಲ್ಲಿ ನಂಬಿದವಳು ಇವಳೊಬ್ಬಳೇ ಇರಬೇಕು.

ನನಗೆ ಬೇನೆ ಬಂದೇ ಇರಲಿಲ್ಲ ಎಂದು ಹೇಳಿದೆ. ಜೋಳಿಗೆಯ ಹುಡುಗ, ಅವನ ಗ್ಲಾಸು, ಮುರುಕು ಕಪ್ಪು ಎಲ್ಲ ಹೇಳಿದೆ. ಅವಳು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ತುಂಬಿದವು.

"ಮೊದಲೇ ಹೇಳಿದ್ರ ಏನಾಗ್ತಿತ್ತು?"

"ಏನಾಗ್ತಿತ್ತು?"

"ಇಷ್ಟ್ ವರ್ಷ ನಾ ಅಂಜಕೋತ ಮಲಗ್ತಿರಲಿಲ್ಲ," ಅಂದಳು.

ಮತ್ತೆ ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು. ನಾನು ತಾಟಿನ ಮುಂದೆ ಏಳಲೂ ಆಗದೆ ಉಣ್ಣಲೂ ಆಗದೆ ಕುಳಿತೆ. ನನಗಿಲ್ಲದ ಬೇನೆಗೆ ಇವಳು ಇಷ್ಟು ವರ್ಷ ಕಾವಲು ಕೂತಿದ್ದಾಳೆ. ಇದಕ್ಕೆ ಸಂತೋಷ ಪಡಲೋ, ಕ್ಷಮೆ ಕೇಳಲೋ, ಕೇಳಿದರೆ ಯಾವ ತಪ್ಪಿಗೆಂದು ಕೇಳಲೋ, ಒಂದೂ ಬಗೆಹರಿಯಲಿಲ್ಲ. ಒಲೆಯ ಹೊಗೆಗೆ ನನಗೆ ಸಣ್ಣದೊಂದು ಕೆಮ್ಮು ಬಂತು. ರೊಟ್ಟಿ ಬಡಿಯುವ ಸದ್ದು ನಿಂತಿತು, ಅವಳು ತಿರುಗಿ ನೋಡಿದಳು.