ಹೆಂಚಿನ ಲಾರಿಯಲ್ಲಿ ಹೋದ ಅಜ್ಜಿ

ಎಪ್ಪತ್ತರ ದಶಕದ ಕೊನೆಯಲ್ಲಿ, ಪಾರಿಶ್ವಾಡದ ನಮ್ಮ ಮನೆಯ ಕೊಟ್ಟಿಗೆಯ ಹೊಸ್ತಿಲಲ್ಲಿ ಅಜ್ಜಿ ಜಾರಿಬಿದ್ದಳು. ಎಮ್ಮೆಯದು ಏನೂ ತಪ್ಪಿಲ್ಲವೆಂದು ಬಿದ್ದಲ್ಲಿಂದಲೇ ತೀರ್ಪು ಕೊಟ್ಟು, ಬಳಿಕ ತನ್ನ ಬಲಗಾಲು ಎತ್ತಲು ಬರುತ್ತಿಲ್ಲವೆಂದು ತಿಳಿಸಿದಳು.

ಹೊರಸಿನ ಮೇಲೆ ಮಲಗಿಸಿದೆವು. ನಮ್ಮ ಕಡೆ ಒಬ್ಬರು ಬಿದ್ದರೆ ಊರೆಲ್ಲ ಮಾತಾಡಿಸಲು ಬರಬೇಕು. ಬಂದವರು ಚಹಾ ಕುಡಿಯದೆ ಎದ್ದರೆ ಮನೆತನದ ಮರ್ಯಾದೆ ಉಳಿಯುವುದಿಲ್ಲ. ಹೀಗಾಗಿ ಮನೆಯ ಸಮರ್ಥರೆಲ್ಲ ಒಲೆಯ ಮುಂದೆ ನಿಯುಕ್ತರಾದರು. ಕಾಲಿನ ವಿಚಾರಣೆಯನ್ನು ಚಹಾದ ನಂತರಕ್ಕೆ ಮುಂದೂಡಲಾಯಿತು. ಹೊರಸಿನಿಂದ ಅಜ್ಜಿಯೇ ಮೇಲ್ವಿಚಾರಣೆ ನಡೆಸಿದಳು: “ಏ, ಆ ಕಾಕಾಗ ಸಕ್ಕರಿ ಕಡಿಮಿ ಹಾಕವಾ.”

ದೊಡ್ಡಪ್ಪ ಪಂಚರ ಗಾಂಭೀರ್ಯದಿಂದ ಗಂಟಲು ಸರಿಪಡಿಸಿಕೊಂಡ. “ಈ ವಯಸ್ಸಿನ್ಯಾಗ ಎಲುಬು ಎಲ್ಲಿ ಕೂಡ್ತಾವ? ಬೆಳಗಾಂವಿಗೆ ಒಯ್ದು ತ್ರಾಸ ಯಾಕ ಕೊಡೂದು? ಹಾಸಿಗ್ಯಾಗ ಇರ್ಲಿ, ನಾವ್ ನೋಡಕೋತೀವಿ.”

ಪ್ರೀತಿಯಿಂದಲೇ ಹೇಳಿದ. ಬಂದವರು ಬಸಿಗೆ ಸುರುವಿದ ಚಹಾ ಊದುತ್ತ ತಲೆಯಾಡಿಸಿದರು.

“ಯಾರ್ ನೋಡಕೋತೀರಿ?” ಅಜ್ಜಿ ಕೇಳಿದಳು. “ದಿನಾ ನನ್ನ ಹಿತ್ತಲಕ ಹೊತಗೊಂಡ ಹೋಗಾಂವ ಯಾರು? ಕೈ ಎತ್ರಿ.”

ಎಲ್ಲರ ಕೈಯಲ್ಲೂ ಬಸಿ ಇದ್ದುದರಿಂದ ಯಾರಿಗೂ ಎತ್ತಲಾಗಲಿಲ್ಲ.

“ನಾ ನಡೀಬೇಕು. ಗಾಡಿ ತರ್ರಿ.”

ಎದುರು ಮನೆಗೆ ಖಾನಾಪುರದಿಂದ ಹೆಂಚು ತಂದ ಲಾರಿ ಖಾಲಿಯಾಗಿ ನಿಂತಿತ್ತು. ಡ್ರೈವರ್ ಮನೆಮಾತು ಮರಾಠಿಯ ಒಬ್ಬ ಮಿತಭಾಷಿ. ಹೆಂಚುಗಳ ನಡುವೆ ತುರುಕಿದ್ದ ಹುಲ್ಲನ್ನೆಲ್ಲ ಕೂಡಿಸಿ ದಪ್ಪಗೆ ಹಾಸಿದ. “ಹಂಚ ಒಡೀದಂಗ ತಂದೀನಿ, ಆಯಿನ ಒಡೀತೀನೇನ್ರಿ? ಚಲಾ, ಎತ್ರಿ.”

“ಅವಂಗ ಚಹಾ ಕೊಟ್ರೇನು?” ಅಜ್ಜಿ ಹುಲ್ಲಿನ ಮೇಲಿಂದ ವಿಚಾರಿಸಿದಳು.

“ನೀವ್ ನಡಕೋತ ಬಂದ ಮ್ಯಾಲ ಕುಡೀತೀನಿ.”

ನಮ್ಮ ಮನೆಯ ಚರಿತ್ರೆಯಲ್ಲಿ ಚಹಾ ನಿರಾಕರಿಸಿ ಗೌರವ ಉಳಿಸಿಕೊಂಡವನು ಅವನೊಬ್ಬನೇ.

ಖಾನಾಪುರದ ಡಾಕ್ಟರು ಕಾಲಿಗೆ ಹಲಗೆ ಕಟ್ಟಿ, ಎಲುಬಿನ ತಜ್ಞರು ಬೆಳಗಾವಿಯಲ್ಲೇ ಇರುವುದು, ಇವತ್ತೇ ಒಯ್ಯಿರಿ ಎಂದರು. ಡ್ರೈವರನ ಊರು ಅದೇ, ಅವನ ದಾರಿ ಅಲ್ಲಿಗೇ ಮುಗಿದಿತ್ತು. ನಾವು ಬೇರೆ ಗಾಡಿಯ ಮಾತೆತ್ತುವಷ್ಟರಲ್ಲಿ ಅವನು ಸ್ಟೀರಿಂಗ್ ಹಿಡಿದು ಕೂತಾಗಿತ್ತು. ತಗ್ಗು ಬಂದಲ್ಲೆಲ್ಲ ಲಾರಿ ಮದುಮಗಳಂತೆ ಹೆಜ್ಜೆಯಿಟ್ಟಿತು.

ಬೆಳಗಾವಿಯ ತಜ್ಞರೆದುರು ದೊಡ್ಡಪ್ಪ ಮುನ್ನೆಚ್ಚರಿಕೆ ಕೊಟ್ಟ: “ಭಾಳ ವಯಸ್ಸಾಗೇತ್ರಿ.”

“ವಯಸ್ಸು ನಾ ರಿಪೇರಿ ಮಾಡೂದಿಲ್ರಿ, ಕಾಲಷ್ಟ ಮಾಡ್ತೀನಿ,” ಎಂದು ಅವರು ಅಜ್ಜಿಯತ್ತಲೇ ತಿರುಗಿದರು. “ನಿನ್ನಿತನಕ ಏನೇನ್ ಮಾಡತಿದ್ರಿ?”

“ಎಮ್ಮಿ ಹಿಂಡತಿದ್ನಿ. ಎಲ್ಲಾರ ತಪ್ಪ ಹುಡಕತಿದ್ನಿ.”

“ಎರಡಕ್ಕೂ ಕಾಲ ಬೇಕ್ರಿ.”

ಅಲ್ಲಿಯತನಕ ನಾವೆಲ್ಲ ಆಕೆಯ ವಯಸ್ಸನ್ನಷ್ಟೇ ಲೆಕ್ಕ ಹಾಕಿದ್ದೆವು. ಆಕೆಯ ಕೆಲಸವನ್ನು ಕೇಳಿದವರು ಅವರೊಬ್ಬರೇ. ಎದೆ, ರಕ್ತ, ಉಸಿರು ಎಲ್ಲ ತಪಾಸಣೆಯಾದ ಮೇಲೆ ಮುರಿದ ತೊಡೆಯೆಲುಬಿನೊಳಗೆ ಉಕ್ಕಿನ ಮೊಳೆ ಕೂಡಿಸಿದರು. ಗಾಯ ಮಾಯುವ ಮೊದಲೇ ಎಬ್ಬಿಸಿ ನಿಲ್ಲಿಸಿದರು. ನೆಲದ ಮೇಲೆ ಕೂಡಬಾರದೆಂದು ಆಜ್ಞೆಯಾಯಿತು. ಹಾಗಾದರೆ ಲಿಂಗಪೂಜೆ ಹೇಗೆಂದು ದೊಡ್ಡಪ್ಪ ಚಿಂತಾಕ್ರಾಂತನಾದ.

“ಲಿಂಗ ನನ್ನ ಅಂಗೈಯಾಗ ಐತಿ, ನೆಲದಾಗಲ್ಲ. ಖುರ್ಚಿ ತಾ,” ಎಂದಳು.

ಮುಂದಿನ ಸುಗ್ಗಿಯ ಹೊತ್ತಿಗೆ ಓಣಿಯ ತುದಿಯಲ್ಲಿ ಅದೇ ಲಾರಿಯ ಹಾರ್ನ್ ಕೇಳಿತು. ಅಜ್ಜಿ ಕೋಲು ಹಿಡಿದು ರಸ್ತೆಗೆ ಹೋಗಿ ಅಡ್ಡ ನಿಂತಳು.

“ಚಹಾ ಇಲ್ಲೇ ಕಳಿಸ್ರಿ ಆಯಿ, ನಡೀಬ್ಯಾಡ್ರಿ,” ಡ್ರೈವರ್ ಇಣುಕಿದ.

“ಮಾತು ಏನಾಗಿತ್ತು? ಹಿಂದ ಬಾ.”

ಅಜ್ಜಿ ಮುಂದೆ ನಡೆದಳು. ಹಿಂದೆ, ತುಂಬಿದ ಹೆಂಚಿನ ಲಾರಿ, ಮೊದಲ ಗೇರಿನಲ್ಲಿ, ಹಾರ್ನ್ ಬಾರಿಸದೆ ಮನೆಯ ತನಕ ಬಂತು.